ಪ್ಲಗ್ಗಿಗೆ ಬಂದ ಜ್ವರ

“ಇದಕ್ಕೆ ಜ್ವರ ಉಂಟಲ್ಲ ಮೋನೆ!” ಜಗಲಿ ಗೋಡೆಯ ಪ್ಲಗ್ಗಿನ ಮೇಲೆ ಅಂಗೈ ಇಟ್ಟು ಉಮ್ಮ ಮಗನಾದ ನನ್ನನ್ನು ಕೂಗಿದರು.

ನರಿಕೊಂಬಿನ ನಮ್ಮ ಅಂಗಳದಲ್ಲಿ ಪುಟ್ಟ ಕರೆಂಟಿನ ಕಾರು ನಿಂತಿತ್ತು. ಆಗ ಅಂಥದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಬ್ಯಾಟರಿ ಮುಗಿಯುತ್ತಾ ಬಂದು, ಮೂಡುಬಿದಿರೆಯ ಮಾಸ್ಟ್ರೊಬ್ಬರು ಚಾರ್ಜಿಗೆಂದು ನಿಲ್ಲಿಸಿದ್ದರು. ಕಾರಿನ ಪ್ಲಗ್ಗಿಗೆ ದಪ್ಪ ಪಿನ್ನು, ಜಗಲಿಯ ಪಾಯಿಂಟಿಗೆ ಸಣ್ಣ ತೂತು. ಬಂಟ್ವಾಳದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದ ನಾನು ದೊಡ್ಡ ಜಾಣನಂತೆ ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿ, ಅವರೊಡನೆ ಚಹಾ ಕುಡಿಯುತ್ತ ಕೂತಿದ್ದೆ.

ಓಡಿ ಹೋಗಿ ಸ್ವಿಚ್ ಆರಿಸಿದೆ. ಕಾರು ಎಳೆದ ಕರೆಂಟಿಗೆ ಅಡಾಪ್ಟರಿನ ಒಂದು ಬದಿ ಮೇಣದಂತೆ ಮೆತ್ತಗಾಗಿತ್ತು. ದಪ್ಪ ಪಿನ್ನು ಹಿಡಿಯುವ ಪವರ್ ಪಾಯಿಂಟ್ ಮನೆಯಲ್ಲಿ ಇದ್ದದ್ದು ಒಂದೇ, ಅದು ಫ್ರಿಜ್ಜಿನದು. ಉಮ್ಮ ತಾವೇ ಅದರ ಪ್ಲಗ್ ಕಿತ್ತು ಕಾರಿಗೆ ಜಾಗ ಬಿಟ್ಟರು. ಒಳಗಿದ್ದ ಬಂಗುಡೆ ಮೀನು ಹಾಳಾಗಬಾರದೆಂದು ಅಷ್ಟನ್ನೂ ಆಗಲೇ ಎಣ್ಣೆಯಲ್ಲಿ ಕಾಯಿಸಿದರು. ಮಾಸ್ಟ್ರು ಜೈನರು, ಅವರಿಗೆ ಬಾಳೆಹಣ್ಣು.

ಈಗಲೂ ಅಡಾಪ್ಟರ್ ಕೇಳಿದವರಿಗೆ “ಎಂತಕ್ಕೆ?” ಎಂದು ವಿಚಾರಿಸದೆ ಕೊಡುವುದಿಲ್ಲ. ರಿಪೇರಿಗೆ ಹೋದಲ್ಲಿ, ಕಿಸೆಯಲ್ಲಿ ಟೆಸ್ಟರ್ ಇದ್ದರೂ, ಮೊದಲು ಪ್ಲಗ್ಗಿನ ಹಣೆ ಮುಟ್ಟಿ ನೋಡುತ್ತೇನೆ.