ಎಮ್ಮೆಗೆ ಹೇಳಿದ ಮಾತು

ಗಾಳಿಮಳೆ ಬಂದರೆ ನನಗೆ ಭಯ ಕರೆಂಟ್ ಹೋಗುವುದಕ್ಕಲ್ಲ, ವಾಪಸ್ ಬರುವ ಗಳಿಗೆಗೆ. ಗುರುಪುರದ ಆಚೆ ಹೊಲದ ನಡುವೆ ನಮ್ಮದು ತೋಟದ ಮನೆ. ಮನೆಗೂ ಸುತ್ತಲಿನ ಬೋರ್‌ವೆಲ್ಲುಗಳಿಗೂ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್. ನಮ್ಮ ಕಡೆಯ ಗಂಡಸರು ಮೋಟ್ರಿಗೆಲ್ಲ ಆಟೋ ಸ್ಟಾರ್ಟರ್ ಹಾಕಿಸಿ, ಕರೆಂಟ್ ಬಂದರೆ ತಾನಾಗೇ ಓಡಿಕೊಳ್ಳಲಿ ಅಂತ ಬಿಟ್ಟು ಹೋಗಿಬಿಡುತ್ತಾರೆ. ಹೊಲ ಮಳೆಯಲ್ಲಿ ಮುಳುಗಿದ್ದರೂ ಆಟೋ ಆಟೋನೇ! ಹೋದ ಮಳೆಗಾಲದಲ್ಲಿ ಹೀಗೇ ಆಯಿತು. ಕರೆಂಟ್ ಬಂತು, ಎಲ್ಲ ಮೋಟ್ರೂ ಒಟ್ಟಿಗೆ ಗುರ್ ಅಂದವು, ಟ್ರಾನ್ಸ್‌ಫಾರ್ಮರ್ ಢಂ ಅಂತು. ಹೊಸದು ಬರುವಷ್ಟರಲ್ಲಿ ವಾರ ಕಳೆದಿತ್ತು. ಆವಾಗೇನೋ ದೀಪ ಹಚ್ಚಿಕೊಂಡು ಕಾಲ ಹಾಕಿದೆವು.

ಈಗ ಹಾಗಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಆಯಸ್ಸೆಲ್ಲ ಸೌದೆ ಒಟ್ಟಿ ಒಟ್ಟಿ ನಮ್ಮತ್ತೆಯ ಎದೆ ಕೆಟ್ಟುಹೋಗಿದೆ. ಮಂಚದ ಪಕ್ಕ ಆಕ್ಸಿಜನ್ ಮಿಷನ್ನು, ಮೂಗಿಗೆ ಪೈಪು. ಕರೆಂಟ್ ಇದ್ದರೆ ಉಸಿರು.

ಮೊನ್ನೆ ಡಿಸೆಂಬರಿನಲ್ಲಿ ಮದ್ರಾಸ್ ಕಡೆ ಸೈಕ್ಲೋನ್ ಎದ್ದಿದೆ, ನಮ್ಮಲ್ಲೂ ಗಾಳಿಮಳೆ ಅಂತ ಮೊಬೈಲು ಬೆಳಗ್ಗಿಂದ ಬಡಕೊಳ್ಳುತ್ತಿತ್ತು. ರಾಗಿ ಹಿಟ್ಟು ಬೀಸಿಸಿಟ್ಟೆ, ಹಂಡೆ ಕೊಡ ಎಲ್ಲ ತುಂಬಿಸಿದೆ, ಯುಪಿಎಸ್ ಬ್ಯಾಟರಿಗೆ ನೀರು ಹಾಕಿಸಿದೆ. ನಮ್ಮೆಜಮಾನರು ಖಾಲಿ ಆಕ್ಸಿಜನ್ ಸಿಲಿಂಡರ್ ಬೈಕಿಗೆ ಕಟ್ಟಿಕೊಂಡು ತುಂಬಿಸಲು ಹುಣಸೂರಿಗೆ ಹೋದರು. ನಮ್ಮ ಮೋಟ್ರಿನ ಫ್ಯೂಸ್ ನಾನೇ ಕಿತ್ತೆ. ಸುತ್ತಲಿನ ಹೊಲದವರಿಗೆಲ್ಲ ಫೋನ್ ಮಾಡಿದರೆ, "ಆಯ್ತು ಕಣಕ್ಕ, ಆಮೇಲ್ ಓಗಿ ಆಫ್ ಮಾಡ್ತೀನಿ ಬುಡು" ಅಂದರು. ಅವರ ಆಮೇಲೆ ನನಗೆ ಗೊತ್ತಿಲ್ಲವೇ! ನಾನೇ ಹೋಗಿ ಕೀಳೋಣವೆಂದರೆ, ಇನ್ನೊಬ್ಬರ ಸ್ಟಾರ್ಟರ್ ಮುಟ್ಟಿದರೆ ತಲೆ ಒಡೆಯುವಂಥ ಜಗಳ ಆಗುತ್ತದೆ.

ಉಳಿದವರು ನಮ್ಮ ಭಾವ, ಅತ್ತೆಯ ಹಿರೀಮಗ. ಪಕ್ಕದ ಹೊಲವೇ ಅವರದು. ಬದುವಿನ ಜಗಳದಲ್ಲಿ ಮುನಿಸಿಕೊಂಡವರು ವರ್ಷವಾದರೂ ನಮ್ಮ ಹೊಸಿಲು ತುಳಿದಿರಲಿಲ್ಲ. ಹೆತ್ತವ್ವನ ಮೂಗಿಗೆ ಪೈಪ್ ಬಂದಿದ್ದನ್ನೂ ಕಣ್ಣಾರೆ ಕಂಡಿರಲಿಲ್ಲ. ಫೋನ್ ಎತ್ತುತ್ತಿರಲಿಲ್ಲ. ಹೋಗಿ ಹೇಳೋಣವೆಂದರೆ, ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹೇಳಲೇಬೇಕಾದರೆ ಗೋಡೆಗೋ ಕಂಬಕ್ಕೋ ಹೇಳಬೇಕು, ಅವರು ಕೇಳಿಸಿಕೊಳ್ಳಬೇಕು.

ಸೆರಗು ಹೊದ್ದುಕೊಂಡು ಹೋದೆ. ಭಾವ ರಾಗಿ ಮೆದೆಗೆ ಟಾರ್ಪಾಲು ಬಿಗಿಯುತ್ತಿದ್ದರು. ಪಕ್ಕದಲ್ಲಿ ಅವರ ಎಮ್ಮೆ. ನಾನು ಎಮ್ಮೆಗೆ ಹೇಳಿದೆ: "ನೋಡವ್ವ, ಮೋಟ್ರು ಆಟೋನಲ್ಲೇ ಅದೆ. ಕರೆಂಟ್ ಬಂದೇಟ್ಗೆ ಟ್ರಾನ್ಸ್‌ಫಾರ್ಮರ್ ಸುಟ್ಟೋದ್ರೆ ಒಳಗಿರೋ ಮುದುಕಿ ಉಸಿರು ನಿಂತೋಯ್ತದೆ. ನಿಮ್ಮನೆಯೋರ್ಗೆ ಕಿವಿ ಅನ್ನೋದಿದ್ರೆ ಕೇಳುಸ್ಕೊಳ್ಳಲಿ." ಎಮ್ಮೆ ಮೆಲುಕು ಹಾಕುತ್ತಿತ್ತು. ಭಾವ ತಿರುಗಿಯೂ ನೋಡದೆ ಇನ್ನೊಂದು ಗಂಟು ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗಿಂತ ಎಮ್ಮೆಯೇ ವಾಸಿ ಅಂದುಕೊಂಡು ಬಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ಗಾಳಿ ಶುರುವಾಯಿತು, ಕರೆಂಟ್ ಹೋಯಿತು. ಮಿಷನ್ ಬ್ಯಾಟರಿ ಮೇಲೆ ಓಡುತ್ತಿತ್ತು. ನಮ್ಮೆಜಮಾನರ ಫೋನ್ ಒಂದೇ ಸಲ ಸಿಕ್ಕಿತು. "ರೋಡಿಗೆ ಮರ ಬಿದ್ದದೆ ಕಣೆ, ಕುಯ್ತಾವ್ರೆ, ಬತ್ತೀನಿ" ಅಂದಷ್ಟರಲ್ಲಿ ಕಟ್ ಆಯಿತು. ಹೊತ್ತು ಇಳಿಯುತ್ತಾ ಬ್ಯಾಟರಿ ಕೀಂ ಕೀಂ ಅನ್ನತೊಡಗಿತು. ಆಮೇಲೆ ಅದೂ ನಿಂತಿತು. ಅತ್ತೆಯನ್ನು ಎಬ್ಬಿಸಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟೆ. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. "ಗಾಬ್ರಿ ಬೀಳ್ಬ್ಯಾಡ" ಅಂತ ಅವರೇ ನನ್ನ ಕೈ ಹಿಡಿದುಕೊಂಡರು. ದೇವರೇ, ಬೇಗ ಕರೆಂಟ್ ಕೊಡಪ್ಪ ಅಂತ ಬೇಡಿಕೊಂಡೆ. ಮೋಟ್ರುಗಳ ನೆನಪಾಗಿ, ಬೇಡ ಬೇಡ, ಇವರು ಸಿಲಿಂಡರ್ ತಂದಮೇಲೆ ಬರಲಿ ಅಂತಲೂ ಬೇಡಿಕೊಂಡೆ.

ಮುಸ್ಸಂಜೆಯಲ್ಲಿ ಬಲ್ಬ್ ಹತ್ತಿತು. ನಾನು ಮಂಚದ ಕಾಲು ಹಿಡಿದು ಕೂತೆ. ಈಗ ಗುರ್ ಅನ್ನುತ್ತದೆ, ಈಗ ಢಂ ಅನ್ನುತ್ತದೆ. ಎಲ್ಲೂ ಒಂದು ಮೋಟ್ರೂ ಸದ್ದು ಮಾಡಲಿಲ್ಲ. ಮಿಷನ್ ಮಾತ್ರ ಬುಸ್ ಬುಸ್ ಅಂತ ಶುರುವಾಯಿತು. ಅತ್ತೆಯ ತುಟಿಗೆ ಬಣ್ಣ ಬರುವ ತನಕ ನಾನು ಅಲ್ಲಾಡಲಿಲ್ಲ.

ಹೊರಗೆ ಯಾರೋ ಕೆಮ್ಮಿದರು. ಇಣುಕಿದೆ. ಭಾವ! ತೊಪ್ಪೆಯಾಗಿ ನೆನೆದು, ನಮ್ಮ ಕೊಟ್ಟಿಗೆಯ ಮುಂದೆ ನಿಂತು ಹಸುವನ್ನು ಕೇಳುತ್ತಿದ್ದರು: "ಏನವ್ವಾ, ನಮ್ಮವ್ವ ಉಸುರಾಡ್ತಾವ್ಳಾ?" ಎದೆಗೆ ಅವುಚಿಕೊಂಡ ಟವಲ್ಲಿನಲ್ಲಿ ಬಿಳಿ ಪಿಂಗಾಣಿಯ ಫ್ಯೂಸುಗಳು. ಅವರ ಮೋಟ್ರಿನದಷ್ಟೇ ಅಲ್ಲ, ಸುತ್ತಲಿನ ಬೋರ್‌ವೆಲ್ಲುಗಳದ್ದೆಲ್ಲ. ಆ ಗಾಳಿಯಲ್ಲಿ ಒಂದೊಂದೇ ಹೊಲ ತಿರುಗಿ ಕಿತ್ತು ತಂದಿದ್ದರು.

ಒಳಗಿಂದ ಅತ್ತೆಯೇ ಕೂಗಿದರು: "ಹಸೂನ್ಯಾಕ್ಲಾ ಕೇಳೀಯೆ... ಒಳಕ್ ಬಾ."

ಭಾವ ಹೊಸಿಲು ದಾಟಿ ಬಂದರು. ಮೂಗಿನ ಪೈಪ್ ಕಂಡದ್ದೇ ಮಂಚದ ಪಕ್ಕದಲ್ಲೇ ಕೂತುಬಿಟ್ಟರು. ಟವಲ್ ಜಾರಿ ಫ್ಯೂಸೆಲ್ಲ ನೆಲದ ಮೇಲೆ ಉರುಳಿದವು. ನಾನು ಬಗ್ಗಿ ಆಯತೊಡಗಿದೆ. ಆಗ ಅವರು, ನಾನು ಈ ಮನೆಗೆ ಸೊಸೆಯಾಗಿ ಬಂದಮೇಲೆ ಮೊದಲ ಸಲ, ನನ್ನ ಮುಖ ನೋಡಿ ಮಾತಾಡಿದರು.

"ಎಮ್ಮೆಗಲ್ಲ ಕಣವ್ವ, ನೀನು ನಂಗೇ ಬಂದು ಬೈಬೇಕಾಗಿತ್ತು."