ಕುರುಗೋಡು ಬಸವಣ್ಣ ಬರೆಸಿದ ಪ್ರಬಂಧ

ಆಗ ನನಗೆ ಮೂವತ್ತನಾಲ್ಕು ವರ್ಷ. ಇದು ನಡೆದು ನಲವತ್ತು ವರ್ಷದ ಮೇಲಾಯಿತು. ನನ್ನ ಓದು ಬರಹ ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿಕೊಂಡು ಬರೆಯುತ್ತಿದ್ದೇನೆ. ತಪ್ಪಿದ್ದರೆ ಬಸವಣ್ಣನ ಭಕ್ತರು ತಿದ್ದಿಕೊಂಡು ಓದಿ.

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ನಾವು ಸಿರುಗುಪ್ಪದಲ್ಲಿದ್ದೆವು. ಮಗಳು ನೀಲಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಬಳ್ಳಾರಿಯ ಕಾಲೇಜಿನವರು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಂದು ಹಾಸ್ಟೆಲಿನಲ್ಲಿ ಒಂದು ಜಾಗ ಇಟ್ಟಿದ್ದರು. ಬೇಕಾದವರು ‘ನಾನು ಕಾಲೇಜಿಗೆ ಏಕೆ ಸೇರಬೇಕು’ ಎಂದು ಪ್ರಬಂಧ ಬರೆದು ಸೋಮವಾರ ಸಂಜೆಯೊಳಗೆ ಕೊಡಬೇಕು. ಜಾಗ ಸಿಕ್ಕರೆ ಓದು. ಸಿಗದಿದ್ದರೆ ಕುರುಗೋಡಿನ ನನ್ನ ತಮ್ಮ ವೀರಭದ್ರನ ಜೊತೆ ಮದುವೆ. ಅಕ್ಕನ ಮಗಳು ತಮ್ಮನಿಗೆ ಎಂಬುದು ಅವಳು ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಆಡಿಟ್ಟ ಮಾತು. ನನ್ನ ಗಂಡ, “ಜಾಗ ಸಿಕ್ರ ಓದ್ಲಿ. ಇಲ್ಲಾಂದ್ರ ಮುಂದಿನ ತಿಂಗಳು ಅಕ್ಷತಿ,” ಎಂದುಬಿಟ್ಟರು.

ಹುಡುಗಿ ಬರೆದಳು, ಹರಿದಳು. ಮತ್ತೆ ಬರೆದಳು, ಹರಿದಳು. ಹರಿದ ಹಾಳೆಯಲ್ಲೇ ನಾನು ಒಲೆ ಹೊತ್ತಿಸುತ್ತಿದ್ದೆ. ರೊಟ್ಟಿ ಬಡಿಯುತ್ತಾ, “ಏನ ಬರ್ದಿ, ಓದು,” ಎಂದೆ.

“ವಿದ್ಯೆಯು ಮಾನವಕುಲದ ಜ್ಯೋತಿಯಾಗಿದೆ...”

“ಯಾರ ಮನಿ ಜ್ಯೋತಿನ ಅದು? ಇದರಾಗ ನೀನೆಲ್ಲಿ ಅದಿ?”

“ಸುಮ್ನಿರವ್ವ. ಪ್ರಬಂಧ ಅಂದ್ರ ಹಿಂಗ ಇರ್ತತಿ. ನಿನಗೇನ ಗೊತ್ತು?”

ನನಗೆ ಗೊತ್ತಿರಲಿಲ್ಲ, ನಿಜ. ಅಡುಗೆಯಾಗಿದ್ದರೆ ಕೈ ಹಿಡಿದು ಕಲಿಸುತ್ತಿದ್ದೆ. ಇದಕ್ಕೇನು ಮಾಡಲಿ? ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ರೊಟ್ಟಿ ಸೀದವು. “ಬಸವಣ್ಣ, ಈಕಿ ಕೈಗೆ ನಾಕು ಮಾತು ಕೊಡಪ್ಪ,” ಎಂದು ಹಿತ್ತಲಲ್ಲೂ ಅಂಗಳದಲ್ಲೂ ಅಂದುಕೊಂಡು ತಿರುಗಿದೆ.

ತವರಲ್ಲಿ ಇದ್ದು ಮರುದಿನ ಬಳ್ಳಾರಿಗೆ ಹೋಗುವುದೆಂದು ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಬಂದೆವು. ಆಗ ಇದ್ದಿಲಿನ ಬಸ್ಸು. ಏರು ಬಂದಲ್ಲಿ ಇಳಿದು ನೂಕಬೇಕು. ನೀಲಮ್ಮ ಬಸ್ಸಿನಲ್ಲೂ ಬರೆದಳು, ಹರಿದಳು. ತಮ್ಮ ಹೊಸ ಧೋತ್ರ ಉಟ್ಟು ಬಾಗಿಲಲ್ಲಿ ನಿಂತಿದ್ದ.

“ಕಾಲೇಜು ಗೀಲೇಜು ಯಾಕಬೇ ಅಕ್ಕ? ನಮ್ಮ ಎಮ್ಮಿ ಇಂಗ್ಲೀಷಿನಾಗ ಕರದ್ರ ಬರ್ತಾವೇನು?” ಎಂದು ನಕ್ಕ. ನಾನು ನಗಲಿಲ್ಲ. ಅವನಿಗೆ ಹೇಳಬೇಕಾದದ್ದನ್ನು ಬಾಯೊಳಗೇ ಗೊಣಗಿಕೊಂಡು ಒಳಗೆ ಹೋದೆ.

ಸೋಮವಾರ ಎದ್ದವಳೇ ಮಗಳನ್ನು ದೊಡ್ಡ ಬಸವಣ್ಣನ ಗುಡಿಗೆ ಎಳೆದುಕೊಂಡು ಹೋದೆ. ಬಸವಣ್ಣನ ಕಿವಿಯಲ್ಲಿ ಬೇಡಿಕೆ ಹೇಳುವುದು ಎಲ್ಲ ಕಡೆಯ ರೂಢಿ. ಆದರೆ ಕುರುಗೋಡಿನವನು ಎರಡಾಳೆತ್ತರದ ಕಲ್ಲಿನ ನಂದಿ ಬಸವಣ್ಣ. ಕಿವಿ ಯಾರ ಬಾಯಿಗೂ ಎಟುಕದು. ನೀಲಮ್ಮ ಅವನ ಮುಂದೆ ನಿಂತು ಬಾಯೊಳಗೇ ಏನೋ ಗೊಣಗಿದಳು. ಗೊಣಗಿದಳು, ಮುಗಿಯಲೇ ಇಲ್ಲ. ಮುದುಕ ಪೂಜಾರಿಗೆ ಸಿಟ್ಟು ಬಂತು.

“ಏ ಹುಡುಗಿ, ಕಿವಿ ಮ್ಯಾಲೈತಿ. ಗೊಣಗಿದ್ರ ಅಲ್ಲೀಮಟ ಹೋಗಂಗಿಲ್ಲ. ನೀ ಯಾರು, ಏನ ಬೇಕು, ಯಾಕ ಬೇಕು, ಗಟ್ಯಾಗಿ ಹೇಳಿ ಪಕ್ಕಕ್ಕ ಸರಿ. ಹಿಂದ ಮಂದಿ ನಿಂತಾರ.”

ಹುಡುಗಿಯ ಮುಖ ಕೆಂಪಾಯಿತು. ಕಣ್ಣು ಮುಚ್ಚಿ ಒಮ್ಮೆಗೇ ಕೂಗಿದಳು:

“ನಾನು ಸಿರುಗುಪ್ಪದ ನೀಲಮ್ಮ. ನನಗ ಕಾಲೇಜು ಬೇಕು. ನಮ್ಮ ಸಾಲ್ಯಾಗ ಹೆಣ್ಣ ಟೀಚರಿಲ್ಲಂತ ದೊಡ್ಡಾಕ್ಯಾದ ಹುಡುಗ್ಯಾರನ್ನೆಲ್ಲ ಬಿಡಿಸಿದ್ರು. ಬೆಂಚಿನ ಮ್ಯಾಲ ನಾನೊಬ್ಬಾಕಿ ಉಳದೆ. ನಾನ ಟೀಚರಾಗಿ ಹೋದ್ರ ಇನ್ನ ಯಾರನ್ನೂ ಬಿಡಸಂಗಿಲ್ಲ!”

ಗುಡಿಯೊಳಗಿದ್ದವರೆಲ್ಲ ತಿರುಗಿ ನೋಡಿದರು. ಹೆತ್ತ ನನಗೂ ಅವಳು ಈ ಮಾತು ಹೇಳಿರಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಕೂರಿಸಿ, “ಅದನ್ನ ಬರಿ,” ಎಂದೆ.

“ಅದು ಬೇಡಿಕಿಯವ್ವ. ಪ್ರಬಂಧಕ್ಕ ಪೀಠಿಕಿ ಬೇಕು.”

“ಬಸವಣ್ಣಗ ಪೀಠಿಕಿ ಹಾಕಿದೇನು? ಬರಿ.”

ಬರೆದಳು. ನಾನು ಸುತ್ತ ಅಡ್ಡಾಡುತ್ತಾ “ಆಮ್ಯಾಲ? ಆಮ್ಯಾಲ?” ಎಂದು ಕೇಳುತ್ತಾ ಹೋದೆ. ಬೆಂಚಿನ ಮೇಲೆ ಯಾರ್ಯಾರು ಕೂರುತ್ತಿದ್ದರು, ಮೊದಲು ಯಾರು ಬಿಟ್ಟರು, ಲೆಕ್ಕದಲ್ಲಿ ಜಾಣೆಯಾಗಿದ್ದವಳು ಈಗ ಯಾರ ಮನೆಯಲ್ಲಿ ಸಗಣಿ ಬಾಚುತ್ತಾಳೆ, ತಾನು ಟೀಚರಾದರೆ ಯಾವ ಬಾಗಿಲು ಬಡಿದು ಯಾರನ್ನು ಕರೆತರುತ್ತಾಳೆ, ಒಂದರ ಹಿಂದೆ ಒಂದು ಬಂದವು. ನಡುವೆ ಆ ಜ್ಯೋತಿ ಮತ್ತೆ ನುಗ್ಗಿತು. “ಇದು ಯಾರು, ಏನು, ಯಾಕ, ಯಾವುದಕ್ಕ ಉತ್ತರ?” ಎಂದೆ. ತಾನೇ ಹೊಡೆದುಹಾಕಿದಳು.

ಬಳ್ಳಾರಿ ಬಸ್ಸು ಊರು ಮುಟ್ಟುವ ಮೊದಲೇ ಕೊಳಗಲ್ಲಿನ ಹತ್ತಿರ ಕೆಟ್ಟು ನಿಂತಿತು. ಕಂಡಕ್ಟರ್ ಇದ್ದಿಲು ಕೆದಕುತ್ತಾ “ಈಗ ಹೊಂಡ್ತತಿ” ಎನ್ನುತ್ತಲೇ ಇದ್ದ. ಹೊತ್ತು ಇಳಿಯುತ್ತಿತ್ತು. ಮಗಳ ಕೈ ಹಿಡಿದು ನಡೆದೇಬಿಟ್ಟೆ. ಕಾಲೇಜು ಮುಟ್ಟಿದಾಗ ಗುಮಾಸ್ತ ಬೀಗ ಹಿಡಿದು ನಿಂತಿದ್ದ. “ಚದಿವೇದಿ ಎವರಮ್ಮಾ, ನೀವಾ?” ಓದುವವಳು ನೀನೇನಾ ಎಂದು ತೆಲುಗಿನಲ್ಲಿ ಚೇಷ್ಟೆ ಮಾಡಿದ.

“ನಾ ಓದಿದ್ರ ನಿನ್ನ ಕುರ್ಚಿ ಹೋಗ್ತತಿ. ಈಕಿದು ತಗೊ,” ಎಂದೆ.

ಪ್ರಿನ್ಸಿಪಾಲರು ಮನೆಗೆ ಹೊರಟವರು ನಿಂತುಕೊಂಡೇ ಓದತೊಡಗಿದರು. ಅರ್ಧಕ್ಕೆ ಕುಳಿತರು. ನಾನು ಬಾಗಿಲಲ್ಲಿ ಸೆರಗು ಹಿಂಡುತ್ತಿದ್ದೆ.

“ಬೆಳಗಿನಿಂದ ಜ್ಯೋತಿಗಳನ್ನು ಓದಿ ಓದಿ ಕಣ್ಣು ಉರಿಯುತ್ತಿತ್ತಮ್ಮ,” ಎಂದರು. “ಇದನ್ನು ಯಾರು ಬರೆಸಿದರು?”

“ಕುರುಗೋಡು ಬಸವಣ್ಣ,” ಎಂದೆ.

ಅವರು ನಕ್ಕರು. ನಾನು ಹೇಳಿದ್ದು ಇದ್ದದ್ದನ್ನೇ. ಕೊನೆಯ ಪ್ರಬಂಧ ಅದೇ ಆಗಿತ್ತು; ಜಾಗ ನೀಲಮ್ಮನಿಗೆ ಎಂದು ಅಲ್ಲೇ ಬರೆದುಕೊಂಡರು. ಆ ಸಂಜೆಯೇ ಹಾಸ್ಟೆಲಿಗೆ ಬಿಟ್ಟು ಛತ್ರದಲ್ಲಿ ಮಲಗಿದೆ.

ಬಸವಣ್ಣ ಕಿವಿಯನ್ನು ಅಷ್ಟು ಮೇಲೆ ಇಟ್ಟುಕೊಂಡಿರುವುದು ನಮ್ಮ ಬಾಯಿ ತೆರೆಸಲಿಕ್ಕೆ ಎಂದು ಅಂದೇ ನಂಬಿದೆ. ಇವತ್ತಿಗೂ ಆ ನಂಬಿಕೆ ಸಡಿಲಾಗಿಲ್ಲ. ಅವನ ಋಣ ನನ್ನ ಮೇಲಿದೆ, ತೀರಿಸುವಂಥದಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುರುಗೋಡಿಗೆ ಹೋದೆ. ಬಸವಣ್ಣನಿಗೆ ಕಾಯಿ ಒಡೆಸಿ ಸೀದಾ ತವರ ಬಾಗಿಲಿಗೆ ಬಂದೆ. ವೀರಭದ್ರ ಎಮ್ಮೆ ತೊಳೆಯುತ್ತಿದ್ದ. ಅಂಗಳದಲ್ಲೇ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದೆ: “ನಾನು ನಿನ್ನ ಅಕ್ಕ. ನೀಲಮ್ಮನ್ನ ನಿನಗ ಕೊಡಂಗಿಲ್ಲ. ಆಕಿ ಬೆಂಚು ತುಂಬಸಾಕ ಹೋಗ್ಯಾಳ.”