ನಸ್ರೀನ್ ಕಂಪನಿ ಬಿಡದೆ ಉಳಿದದ್ದು ಹೇಗೆ

ನಸ್ರೀನ್ ನಮ್ಮ ಕಂಪನಿಯಲ್ಲಿ ಉಳಿದದ್ದು ತನ್ನ ಇಷ್ಟದಿಂದಲ್ಲ. ಉಳಿಸಿದವನು ನಾನು — ಫೋನಿನಲ್ಲಿ ಒಂದು ಸುಳ್ಳು ಹೇಳಿ. ಆ ಸುಳ್ಳನ್ನು ಅವಳ ತಂದೆಯ ತಲೆಗೆ ಕಟ್ಟಿ, ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಕಡೇಚೂರಿನ ಹತ್ತಿರ ದೊಡ್ಡದೊಂದು ಔಷಧ ಕಾರ್ಖಾನೆ. ಅದರ ಲ್ಯಾಬಿಗೆ ನಾನು ಮುಖ್ಯಸ್ಥ. ಹೊರಗಿನವರು ‘ದೊಡ್ಡ ಕಂಪನಿ’ ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಒಳಗಿದ್ದವರಿಗೆ — ಏನು ಹೇಳಲಿ — ಯಾದಗಿರಿಯಲ್ಲಿ ಕಂಪನಿ ಬಸ್ಸು ಹತ್ತುವಾಗಲೇ ಎದೆ ಡವಡವ. ಮೇಲಿನವರು ನಮ್ಮನ್ನು ಬೈಯುವುದು, ನಾವು ಕೆಳಗಿನವರನ್ನು ಬೈಯುವುದು, ಅಲ್ಲಿನ ಆಡಳಿತವೆಂದರೆ ಇದೇ. ಕೈಯಲ್ಲಿ ವಿದ್ಯೆ ಇದ್ದವರು ಒಬ್ಬೊಬ್ಬರಾಗಿ ಹೈದರಾಬಾದಿನ ಹಾದಿ ಹಿಡಿದರು. ನಾನೇಕೆ ಹೋಗಲಿಲ್ಲ? ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ. ನನ್ನನ್ನು ಯಾರೂ ಕರೆಯಲಿಲ್ಲ, ಅಷ್ಟೇ.

ನಸ್ರೀನ್‌ಳನ್ನು ಕರೆದರು. ಕರೆಯದೆ ಏನು! ಲ್ಯಾಬಿನಲ್ಲಿ ಫಲಿತಾಂಶ ತಪ್ಪಿ ಬಂದಾಗ ನಾವೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರೆ, ತಪ್ಪು ಯಂತ್ರದ್ದೋ ಮಾಲಿನದ್ದೋ ಎಂದು ಹುಡುಕಿ ತೆಗೆಯುತ್ತಿದ್ದವಳು ಅವಳು. ಎಂ.ಎಸ್ಸಿ. ಮಾಡಿದ ಹುಡುಗಿ. ತಂದೆ ಖಾದರ್ ಚಾಚಾ, ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಟೇಲರ್. ಅವಳಿಗೆ ರಾತ್ರಿ ಪಾಳಿ ಬಿದ್ದ ದಿನ ಸ್ಕೂಟರಿನಲ್ಲಿ ಬಸ್ಸಿನವರೆಗೂ ತಂದು ಬಿಟ್ಟು, ಬಸ್ಸು ಹೊರಡುವ ತನಕ ನಿಂತಿರುತ್ತಿದ್ದರು. “ನನ್ನ ಮಗಳು ಎಲ್ಲಿ ತನಕ ಹೋಗ್ತಾಳ, ಹೋಗ್ಲಿರಿ ಸಾಹೇಬ್ರ,” ಎಂದು ನನಗೇ ಎಷ್ಟೋ ಸಲ ಹೇಳಿದ್ದರು. ಅಂದರೆ — ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸುಳ್ಳು ಹೇಳಿದೆ.

ಹೈದರಾಬಾದಿನ ಕಂಪನಿಯವರು ಅವಳ ಸಂದರ್ಶನ ಮುಗಿಸಿ, ಪದ್ಧತಿಯಂತೆ ಅವಳ ಮೇಲಧಿಕಾರಿಯಾದ ನನಗೆ ಫೋನ್ ಮಾಡಿದರು. ವಿಚಾರಿಸಲು ನನ್ನ ಹೆಸರು ಕೊಟ್ಟವಳು ಅವಳೇ. ಮಾತಾಡಿದವನು ರಾಯಚೂರಿನ ಕಡೆಯವನು. ಕೆಲಸದ ಬಗ್ಗೆ ಕೇಳಿದ, ಹೊಗಳಿದೆ. ಅದರಲ್ಲಿ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಕೇಳಿದ: “ಹಾಸ್ಟೆಲ್‌ನ್ಯಾಗ ಇರಬೇಕಾಗ್ತದ್ರಿ. ಬರ್ತಾರೇನು?”

ಆ ವಾರವಷ್ಟೇ ಪ್ಲಾಂಟಿನ ದೊಡ್ಡ ಸಾಹೇಬರು ನನ್ನನ್ನು ಕರೆದು, ಲ್ಯಾಬಿನಿಂದ ಇನ್ನೊಬ್ಬರು ಹೋದರೆ ಹಿಂದೆಯೇ ನೀನೂ ಹೋಗು ಎಂದಿದ್ದರು. ಅದು ನೆನಪಾಯಿತು, ಹೇಳಿದೆ:

“ಆಕಿ ಬರ್ತೀನಿ ಅಂತಾಳ್ರಿ. ಮನಿಯವರು ಬಿಡಂಗಿಲ್ಲ. ತಂದಿ ಭಾಳ ಕಟ್ಟುನಿಟ್ಟು.”

“ಹೌದ್ ಬಿಡ್ರಿ, ಅವರ ಮಂದ್ಯಾಗ ಹಂಗಽ,” ಎಂದು ಅವನು ಫೋನಿಟ್ಟ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳುವುದಿಲ್ಲ ಎಂದು ನನಗೆ ತಿಳಿದಿತ್ತು. ಮುಸಲ್ಮಾನರ ಹುಡುಗಿ, ಅಪ್ಪ ಬಿಡುವುದಿಲ್ಲ — ಈ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅದಕ್ಕೇ ಆ ಸುಳ್ಳನ್ನೇ ಆರಿಸಿಕೊಂಡೆ. ಥೂ.

ಮನೆಯವರ ಒಪ್ಪಿಗೆ ಇಲ್ಲವಂತೆ, ಹಾಗಾಗಿ ಕೆಲಸ ಕೊಡಲಾಗದು ಎಂದು ಹೈದರಾಬಾದಿನವರು ಅವಳಿಗೆ ತಿಳಿಸಿದರು. ಅರ್ಜಿಯಲ್ಲಿ ತಂದೆಯ ನಂಬರೂ ಇತ್ತು. ತಂದೆಗೇ ಫೋನ್ ಹೋಗಿರಬೇಕೆಂದು ಅವಳು ನಂಬಿದಳು. ಲ್ಯಾಬಿನಲ್ಲಿ ನನ್ನೆದುರೇ ಅತ್ತಳು. “ಅಬ್ಬಾ ಬಾಯಿಲೆ ಹೋಗು ಅಂತಾರ ಸರ್, ಹಿಂದಿಂದ ಬ್ಯಾಡ ಅಂದಾರ. ಈಗ ಕೇಳಿದ್ರ ಆಣಿ ಮಾಡಿ ಇಲ್ಲ ಅಂತಾರ!”

ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಅಂದದ್ದು ಏನು ಗೊತ್ತೇ? “ಹೋಗ್ಲಿ ಬಿಡವ್ವ, ಹಡದವರು. ಮನಸಿನ್ಯಾಗ ಇಟ್ಕೋಬ್ಯಾಡ.” ನಾನು ಮಾಡಿದ ಪಾಪಕ್ಕೆ ಅವಳ ಅಪ್ಪನನ್ನು ಕ್ಷಮಿಸು ಎಂದು ಬುದ್ಧಿ ಹೇಳಿದೆ. ಫೋನಿನ ಸುಳ್ಳಿಗಿಂತ ಈ ಮಾತೇ ನನ್ನನ್ನು ಹೆಚ್ಚು ಸುಡುತ್ತದೆ.

ಅವಳು ಕ್ಷಮಿಸಲಿಲ್ಲ. ಅಪ್ಪನ ಸ್ಕೂಟರ್ ಹತ್ತುವುದನ್ನು ಬಿಟ್ಟಳು, ಬೇರೆ ಕಡೆ ಅರ್ಜಿ ಹಾಕುವುದನ್ನೂ ಬಿಟ್ಟಳು. ಕೆಲಸ ಮಾತ್ರ ಬಿಡಲಿಲ್ಲ. ನನ್ನ ಕುರ್ಚಿ ಗಟ್ಟಿಯಾಯಿತು. ಆದರೆ ಅವಳು ‘ಸರ್’ ಎಂದು ಕರೆದರೆ ಸಾಕು, ಗೊತ್ತಾಯಿತೇನೋ ಎಂದು ಬೆವರುತ್ತಿದ್ದೆ. ಕುಂಬಳಕಾಯಿ ಕಳ್ಳನ ಗತಿ.

ಮೊನ್ನೆ ಮುಖ್ಯ ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು. ಎಲ್ಲರೂ ಬಿಟ್ಟು ಹೋಗುವ ಕಡೆ ಈ ಲ್ಯಾಬಿನಲ್ಲಿ ನಸ್ರೀನ್‌ಳಂಥವಳು ವರ್ಷಗಟ್ಟಲೆ ಹೇಗೆ ಉಳಿದಳು ಎಂದು ತಿಳಿಯಬೇಕಿತ್ತಂತೆ. ಕ್ಯಾಂಟೀನಿನಲ್ಲಿ ಎಲ್ಲರೆದುರು ನನ್ನನ್ನು ಹೊಗಳಿ, ನಸ್ರೀನ್‌ಳನ್ನು ಕೇಳಿದರು. ಅವಳು ಎದ್ದು ನಿಂತು, “ಹೋಗಬೇಕಂತ ಮಾಡಿದ್ದೆ ಮೇಡಂ. ಮನ್ಯಾಗ ಬಿಡಲಿಲ್ಲ,” ಎಂದಳು. ಮೇಡಂ ಅರ್ಥವಾಯಿತೆಂಬಂತೆ ತಲೆಯಾಡಿಸಿದರು.

ಅಂದೇ ಅವಳಿಗೆ ನಿಜ ಹೇಳಿದೆ. ಅವಳು ಸಿಂಕಿನ ಮುಂದೆ ಗಾಜಿನ ಬಾಟಲಿ ತೊಳೆಯುತ್ತಿದ್ದಳು. ಕೇಳುತ್ತ ಕೇಳುತ್ತ ನಲ್ಲಿ ನಿಲ್ಲಿಸಿದಳು.

“ನನಗ್ಯಾಕ ಹೇಳಾಕತ್ತೀರಿ? ಅಬ್ಬಾಗ ಹೇಳ್ರಿ. ಇವತ್ತಽ ನಡೀರಿ.”

ಸಂಜೆ ಬಸ್ಸಿಳಿದು ಅವಳ ಹಿಂದೆ ಅಂಗಡಿಗೆ ಹೋದೆ. ಚಾಚಾ ಹೊಲಿಗೆ ನಿಲ್ಲಿಸಿ, ಸ್ಟೂಲು ಒರೆಸಿ ಕೂಡಿಸಿದರು. ಚಹಾಕ್ಕೆ ಕೂಗಿ ಹೇಳಿದರು. ಮಗಳು ಬಾಗಿಲಲ್ಲೇ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

“ಚಲೋ ಆತು ಬಂದ್ರಿ, ಸಾಹೇಬ್ರ. ಆಕಿ ನಿಮ್ಮ ಮಾತು ಕೇಳ್ತಾಳ. ನಾ ಬ್ಯಾಡ ಅಂದಿಲ್ಲ ಅಂತ ನೀವರ ಹೇಳ್ರಿ.”

“ಅಂದಾಂವ ನಾನು, ಚಾಚಾ,” ಎಂದೆ.

ಅವರು ಕೈ ಬಿಡಲಿಲ್ಲ, ಬಿಡುವುದನ್ನು ಮರೆತರೇನೋ. ನನ್ನ ಕಡೆ ನೋಡಲೂ ಇಲ್ಲ. ಮಗಳ ಮುಖವನ್ನೇ ನೋಡುತ್ತಿದ್ದರು. ನಾನೇ ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ಬಂದೆ.

ಈ ವಾರ ನಸ್ರೀನ್ ರಾಜೀನಾಮೆ ಕೊಟ್ಟಳು. ಸಹಿ ಹಾಕಿದೆ. ನಾಳೆ ನನ್ನ ಕುರ್ಚಿ ಏನಾಗುತ್ತದೋ ಆಗಲಿ. ಅವಳ ಬಗ್ಗೆ ಇನ್ನು ಯಾರೇ ಕೇಳಿದರೂ ನಿಜವನ್ನೇ ಹೇಳಬೇಕೆಂದಿದ್ದೇನೆ. ಆದರೆ ಅವಳು ಇನ್ನೆಂದೂ ನನ್ನ ಹೆಸರು ಕೊಡುವುದಿಲ್ಲ.